ಬಡಿಸುವ ಕೈ, ಉಣ್ಣುವ ಕೈ

ಉಡುಪಿಯಿಂದ ಮಣಿಪಾಲ, ಪರ್ಕಳ, ಆತ್ರಾಡಿ ದಾಟಿ ಬಂದ ರಸ್ತೆ ಹಿರಿಯಡ್ಕದ ಪೇಟೆಯನ್ನು ಹಾದು ಬೈಲೂರಿನ ಮೇಲೆ ಕಾರ್ಕಳಕ್ಕೆ ಹೋಗುತ್ತದೆ. ಹಿರಿಯಡ್ಕದ ಸಮೀಪ, ಸ್ವರ್ಣಾ ನದಿಯ ದಂಡೆಯಲ್ಲಿ, ಅಷ್ಟಮಠಗಳಲ್ಲೊಂದಾದ ಪುತ್ತಿಗೆ ಮಠದ ಮೂಲಸ್ಥಾನವಿದೆ. ಈ ಮಠದ ಸುಗುಣೇಂದ್ರ ತೀರ್ಥರು ಕಡಲು ದಾಟಿ ಅಮೆರಿಕ ಮುಂತಾದ ದೇಶಗಳಲ್ಲಿ ಕೃಷ್ಣನ ಗುಡಿಗಳನ್ನು ನೆಲೆಗೊಳಿಸಿದರು. ಅದೇ ರಸ್ತೆಯ ಇನ್ನೊಂದು ತುದಿಯಲ್ಲಿ, ಉಡುಪಿ ಪೇಟೆಯಲ್ಲಿ, ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ 1923ರಲ್ಲಿ ಆರಂಭಿಸಿದ ಮಿಶನ್ ಆಸ್ಪತ್ರೆಯಿದೆ. ಅವರು ಅತ್ತಣ ಕಡಲು ದಾಟಿ ಇತ್ತ ಬಂದವರು. ಧರ್ಮದ ಕೆಲಸಕ್ಕೆಂದು ಇಲ್ಲಿಂದ ಹೊರಟವರೂ ಇಲ್ಲಿಗೆ ಬಂದವರೂ ಇಷ್ಟು ಹತ್ತಿರದಲ್ಲಿ ಗುರುತು ಬಿಟ್ಟಿರುವ ನೆಲವಿದು. ಹೀಗೆ ದೂರದೂರಿಗೆ ಹೋದವರು ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಒಂದೆಡೆ ಸೇರಿ ಸಮ್ಮೇಳನ ನಡೆಸುತ್ತಾರೆ. ಪ್ರಾರ್ಥನೆ, ವರದಿ, ನಿರ್ಣಯ, ಲೆಕ್ಕಪತ್ರ ಎಲ್ಲವೂ ಅಲ್ಲಿರುತ್ತವೆ. ಕಾರ್ಯಕ್ರಮ ಪಟ್ಟಿಯಲ್ಲಿ ಊಟಕ್ಕೆ ಸಿಗುವುದು ಮಾತ್ರ ‘ವಿರಾಮ’ ಎಂಬ ಒಂದು ಪದ. ಆ ವಿರಾಮದ ಹೊತ್ತಿನಲ್ಲೇ ಸಮ್ಮೇಳನದ ನಿಜವಾದ ಪರೀಕ್ಷೆ ನಡೆಯುತ್ತದೆ ಎಂಬುದು ಈ ಲೇಖನದ ವಾದ. ಇನ್ನೊಬ್ಬರಿಗೆ ಬಡಿಸುವುದರಿಂದಷ್ಟೇ ಸಮಾನತೆ ಬರುವುದಿಲ್ಲ. ಇನ್ನೊಬ್ಬರು ಬೇಯಿಸಿದ್ದನ್ನು ಅವರ ಪಕ್ಕದಲ್ಲೇ ಕುಳಿತು ಉಂಡಾಗ ಅದು ಶುರುವಾಗುತ್ತದೆ.

ಈ ಎರಡರ ನಡುವಿನ ಅಂತರವನ್ನು ಉಡುಪಿ ಸೀಮೆಯಷ್ಟು ಚೆನ್ನಾಗಿ ತೋರಿಸುವ ಜಾಗ ಬೇರೆ ಸಿಗಲಾರದು. ಅನ್ನದಾನ ಇಲ್ಲಿನ ಹೆಮ್ಮೆ. ಕೃಷ್ಣಮಠದಲ್ಲಿ ದಿನಾ ಸಾವಿರಾರು ಜನ ಉಣ್ಣುತ್ತಾರೆ. ದೇವಸ್ಥಾನದ ಬ್ರಹ್ಮಕಲಶವಿರಲಿ, ದೈವದ ನೇಮವಿರಲಿ, ಊರಿಗೆ ಊರೇ ಉಂಡು ಹೋಗುತ್ತದೆ. ಅಷ್ಟಮಠಗಳ ನಡುವೆ ಕೃಷ್ಣಪೂಜೆಯ ಸರದಿ ಬದಲಾಗುವ ಪರ್ಯಾಯ ಬಂತೆಂದರೆ ಊರೂರಿನಿಂದ ಹೊರೆಕಾಣಿಕೆಯ ಮೆರವಣಿಗೆ ಹೊರಡುತ್ತದೆ. ಅಕ್ಕಿ, ತೆಂಗಿನಕಾಯಿ, ಬೆಲ್ಲ, ಕುಂಬಳಕಾಯಿ ಹೊತ್ತ ವಾಹನಗಳಲ್ಲಿ ಎಲ್ಲ ಜಾತಿಯವರ ಪಾಲಿದೆ, ಮುಸ್ಲಿಮರು ಮತ್ತು ಕ್ರೈಸ್ತರು ತಂದೊಪ್ಪಿಸಿದ್ದೂ ಇದೆ. ಆ ಅಕ್ಕಿಯನ್ನು ಯಾರೂ ಬೇರ್ಪಡಿಸಿ ಇಡುವುದಿಲ್ಲ. ಅದೇ ಅಕ್ಕಿ ಬೆಂದು ಅನ್ನವಾಗಿ ಎಲೆಗೆ ಬಂದಾಗ ಯಾರು ಬೇಯಿಸಿದರು, ಯಾರು ಯಾವ ಪಂಕ್ತಿಯಲ್ಲಿ ಕುಳಿತರು ಎಂಬ ಪ್ರಶ್ನೆ ಏಳುತ್ತದೆ. ಪಂಕ್ತಿಭೇದದ ಚರ್ಚೆ ಉಡುಪಿಯಲ್ಲಿ ವರ್ಷಗಟ್ಟಲೆ ನಡೆದಿರುವುದು ಇದೇ ಕಾರಣಕ್ಕೆ. ನಮ್ಮ ಸಮಾಜದಲ್ಲಿ ಅಕ್ಕಿಗೆ ಜಾತಿಯಿಲ್ಲ, ಅನ್ನಕ್ಕಿದೆ. ಕೊಡುವುದಕ್ಕೆ ಅಡ್ಡಿಯಿಲ್ಲ, ಒಟ್ಟಿಗೆ ಉಣ್ಣುವುದಕ್ಕಿದೆ. ಬೆಂಕಿ ತಾಗುವ ಮೊದಲು ಎಲ್ಲರದ್ದೂ ಆಗಿದ್ದ ವಸ್ತು ಬೆಂಕಿ ತಾಗಿದ ಮೇಲೆ ಕೆಲವರದ್ದು ಮಾತ್ರವಾಗುತ್ತದೆ.

ಕಡಲು ದಾಟಬಾರದೆಂಬ ಹಳೆಯ ಭಯದ ಬೇರಿನಲ್ಲೂ ದೊಡ್ಡ ಪಾಲು ಊಟದ್ದೇ. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ದೋಷಗಳ ಪಟ್ಟಿಯಲ್ಲಿ ಹೇಳುತ್ತದೆ. ಮುಂದಿನ ಶತಮಾನಗಳಲ್ಲಿ ಆ ನಿಷೇಧ ಗಟ್ಟಿಯಾಗುತ್ತ ಹೋದದ್ದಕ್ಕೆ ವ್ಯಾವಹಾರಿಕ ಕಾರಣವೂ ಇತ್ತು. ಹಡಗಿನಲ್ಲಿ ಯಾರು ಬೇಯಿಸಿದ್ದನ್ನು ಉಣ್ಣಬೇಕು, ಯಾರು ಮುಟ್ಟಿದ ನೀರು ಕುಡಿಯಬೇಕು ಎಂಬುದು ಪ್ರಯಾಣಿಕನ ಕೈಯಲ್ಲಿ ಇರುತ್ತಿರಲಿಲ್ಲ. ನಮ್ಮ ಕಾಲದಲ್ಲೂ ಈ ಪ್ರಶ್ನೆ ಸತ್ತಿರಲಿಲ್ಲ. 2008ರ ಪರ್ಯಾಯದ ಹೊತ್ತಿಗೆ, ವಿದೇಶಯಾನ ಮಾಡಿದ ಯತಿ ಕೃಷ್ಣನ ಮೂರ್ತಿಯನ್ನು ಮುಟ್ಟಿ ಪೂಜಿಸಬಹುದೇ ಎಂಬ ವಿವಾದ ಪುತ್ತಿಗೆ ಶ್ರೀಗಳ ಸುತ್ತ ಎದ್ದಿತ್ತು. ಅವರು ಪೀಠವೇರಿದರು. 2024ರ ಜನವರಿ 18ರಂದು ನಾಲ್ಕನೇ ಬಾರಿಗೆ ಮತ್ತೆ ಏರಿದರು. ಕಡಲ ಪ್ರಶ್ನೆ ಒಂದೊಂದೇ ಮೆಟ್ಟಿಲು ಇಳಿದು ಹಿಂದೆ ಸರಿಯುತ್ತಿದೆ. ಎಲೆಯ ಪ್ರಶ್ನೆ ಅಷ್ಟು ಸುಲಭವಾಗಿ ಸರಿಯುವುದಿಲ್ಲ ಎಂಬುದಕ್ಕೆ ಇನ್ನೊಂದು ಕಡೆಯಿಂದ ಬಂದವರ ಚರಿತ್ರೆಯನ್ನು ನೋಡಬೇಕು.

ಬಾಸೆಲಿನವರಿಗೆ ಪರದೇಶವಾದ ನಮ್ಮ ಊರು

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಮಿಶನ್‌ಗೆ ಪರದೇಶವೆಂದರೆ ನಮ್ಮ ಮಂಗಳೂರು. ಬ್ರಿಟಿಷರಲ್ಲದ ಮಿಶನರಿಗಳಿಗೂ 1833ರ ಚಾರ್ಟರ್ ಕಾಯ್ದೆ ಬಾಗಿಲು ತೆರೆದ ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಸಾಮ್ಯುವೆಲ್ ಹೆಬಿಕ್, ಲೇಹ್ನರ್ ಮತ್ತು ಗ್ರೈನರ್ ಎಂಬ ಮೂವರು ಇಲ್ಲಿ ಬಂದಿಳಿದರು. 1836ರಲ್ಲಿ ಹರ್ಮನ್ ಮೊಗ್ಲಿಂಗ್ ಬಂದರು. 1843ರ ಜುಲೈ 1ರಂದು ಅವರು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ್ದನ್ನು ಕನ್ನಡಿಗರು ಪ್ರತಿವರ್ಷ ಪತ್ರಿಕಾ ದಿನವಾಗಿ ನೆನೆಯುತ್ತಾರೆ. ಕಿಟೆಲ್ ನಿಘಂಟು, ಜೆಪ್ಪುವಿನ ಹಂಚಿನ ಕಾರ್ಖಾನೆ, ನೇಯ್ಗೆಯ ಶಾಲೆ, ಮುದ್ರಣಾಲಯ ಇವೆಲ್ಲ ನಮಗೆ ಗೊತ್ತು. ಈ ಕಾರ್ಖಾನೆಗಳ ಬುಡದಲ್ಲಿದ್ದ ಊಟದ ಕತೆಯನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಕ್ರೈಸ್ತರಾದವರ ಜೊತೆ ಅವರ ಕುಲದವರು ಊಟ ಬಿಟ್ಟರು. ಊಟ ಬಿಟ್ಟರೆಂದರೆ ಮದುವೆ, ಕಸುಬು, ಮನೆ, ಗೇಣಿ ಭೂಮಿ ಎಲ್ಲದರ ಕೊಂಡಿ ಕಳಚಿದಂತೆ. ಬಿಲ್ಲವರಲ್ಲಿ ಕ್ರೈಸ್ತರಾದವರಿಗೆ ಶೇಂದಿ ಇಳಿಸುವ ಮೂರ್ತೆ ಕಸುಬನ್ನು ಮಿಶನ್ ಸಹ ಒಪ್ಪಲಿಲ್ಲ. ಹೀಗೆ ಅನ್ನದ ಸಾಲಿನಿಂದ ಹೊರಬಿದ್ದವರಿಗೆ ಅನ್ನದ ದಾರಿ ಮಾಡಿಕೊಡಲೆಂದು ಮಗ್ಗ ಬಂತು, ಹಂಚು ಬಂತು. ಕರಾವಳಿಯ ಮನೆಗಳ ಕೆಂಪು ಮಾಡಿಗೂ ಜೊತೆಯಲ್ಲಿ ಉಣ್ಣಲಾರದ ಸಮಾಜಕ್ಕೂ ಇರುವ ನಂಟು ಇದು.

1844ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಕಳವಳವೆದ್ದಿತು. ಎರಡು ವರ್ಷದ ನಂತರ ಅವರು ಕಡಲು ದಾಟಿ ಬಾಸೆಲಿನ ಮಿಶನ್ ಮನೆಗೆ ಓದಲು ಹೋದರು, 1851ರಲ್ಲಿ ಅಭಿಷೇಕ ಪಡೆದು ಮರಳಿದರು. ಬಾಸೆಲ್ ಮಿಶನ್ನಿನಲ್ಲಿ ಮಿಶನರಿ ಸ್ಥಾನಕ್ಕೇರಿದ ಮೊದಲ ಭಾರತೀಯ ಅವರು. ವಿದ್ಯಾರ್ಥಿಗಳೆಲ್ಲ ಒಂದೇ ಸೂರಿನಡಿ ಇದ್ದು ಕಲಿಯುತ್ತಿದ್ದ ಆ ಮನೆಯಲ್ಲಿ ಮಂಗಳೂರಿನ ಬ್ರಾಹ್ಮಣ ಯುವಕ ಐದು ವರ್ಷ ಕಳೆದದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ನಿಷೇಧಿಸಿದ ಕಡಲನ್ನೂ ನಿಷೇಧಿಸಿದ ಊಟವನ್ನೂ ಅವರು ಒಟ್ಟಿಗೆ ದಾಟಿದ್ದರು. ಆದರೆ ಬಾಸೆಲಿನ ಊಟಕ್ಕಿಂತ ಕಷ್ಟದ್ದು ಮುಂದೆ ಕಾದಿತ್ತು. ಮೊಗ್ಲಿಂಗ್ ಮತ್ತು ಕೌಂಡಿನ್ಯ ಕೊಡಗಿನಲ್ಲಿ ಕಟ್ಟಿದ ಆನಂದಪುರವೆಂಬ ಊರು, ತೋಟಗಳಲ್ಲಿ ಜೀತದಂತೆ ದುಡಿಯುತ್ತಿದ್ದ ದಲಿತರು ಕ್ರೈಸ್ತರಾಗಿ ನೆಲೆಸಿದ ಊರು. ಯುರೋಪಿನವರೊಡನೆ ಮೇಜಿನಲ್ಲಿ ಕುಳಿತರೆ ಜಾತಿ ಹೋದರೂ ಲೋಕದ ಕಣ್ಣಿನಲ್ಲಿ ಒಂದು ಅಂತಸ್ತು ಉಳಿಯುತ್ತದೆ. ದಲಿತರ ಸಭೆಯ ನಡುವೆ ಬದುಕಿದರೆ ಅದೂ ಉಳಿಯುವುದಿಲ್ಲ. ಕೌಂಡಿನ್ಯರ ಬದುಕನ್ನು ಅಳೆಯುವಾಗ ನಾವು ಬಾಸೆಲಿನ ಪ್ರಯಾಣಕ್ಕಿಂತ ಆನಂದಪುರದ ದಾರಿಯನ್ನು ದೊಡ್ಡದೆಂದು ಎಣಿಸಬೇಕು.

ನಿರ್ಣಯವಾಗಿ ಬಂದ ಅನ್ನ

1850ರಲ್ಲಿ ಎರಡು ಸಂಗತಿ ನಡೆದವು. ಜಾತಿ ಬಿಟ್ಟವರು ಅಥವಾ ಮತ ಬದಲಿಸಿದವರು ಪಿತ್ರಾರ್ಜಿತ ಆಸ್ತಿಯ ಹಕ್ಕನ್ನು ಕಳೆದುಕೊಳ್ಳುವುದಿಲ್ಲವೆಂದು ಸರ್ಕಾರ ಆ ವರ್ಷದ 21ನೇ ಕಾಯ್ದೆಯಲ್ಲಿ ಹೇಳಿತು. ಅದೇ ವರ್ಷ ಮದರಾಸಿನ ಮಿಶನರಿ ಸಮ್ಮೇಳನ ಜಾತಿಯ ಬಗ್ಗೆ ನಿರ್ಣಯ ಕೈಗೊಂಡಿತು. ಜಾತಿ ಬಿಟ್ಟೆನೆಂದು ಬಾಯಲ್ಲಿ ಹೇಳಿದರೆ ಸಾಲದು, ಅಸ್ಪೃಶ್ಯರೆನಿಸಿದವರು ಬೇಯಿಸಿದ ಅನ್ನವನ್ನೂ ಉಣ್ಣಲು ಸಿದ್ಧರಿರಬೇಕು ಎಂಬುದು ಅದರ ತಿರುಳು. ತಮಿಳು ಸೀಮೆಯ ಹಲವು ಮಿಶನ್ನುಗಳಲ್ಲಿ ಪ್ರೀತಿಭೋಜನವೇ ಈ ಪರೀಕ್ಷೆಯಾಯಿತು. ಲೈಪ್‌ಜಿಗ್‌ನ ಲೂಥರನ್ ಮಿಶನರಿಗಳು ಮಾತ್ರ ಒಪ್ಪಲಿಲ್ಲ, ಜಾತಿ ಸಮಾಜದ ವ್ಯವಸ್ಥೆ, ಬಲವಂತದಿಂದ ಮುರಿಯುವಂಥದ್ದಲ್ಲ ಎಂದರು. 1858ರ ಏಪ್ರಿಲ್ 19ರಿಂದ ಮೇ 5ರವರೆಗೆ ದಕ್ಷಿಣ ಭಾರತದ ಮಿಶನರಿಗಳು ಊಟಿಯಲ್ಲಿ ಸೇರಿದ ದೊಡ್ಡ ಸಮ್ಮೇಳನ ನಡೆದದ್ದು ಇಂಥ ಚರ್ಚೆಗಳು ಇನ್ನೂ ಬಿಸಿಯಾಗಿದ್ದ ಕಾಲದಲ್ಲಿ. ಸಮ್ಮೇಳನಗಳ ಕಾಗದದಲ್ಲಿ ಊಟ ನಿರ್ಣಯವಾಗಿ ಬಂದದ್ದು ಸರಿಯೋ ತಪ್ಪೋ ಎಂಬುದನ್ನು ಇವತ್ತು ನಿಷ್ಠುರವಾಗಿ ಕೇಳಬೇಕು.

ಸರಿ ಎನ್ನಲು ಬಲವಾದ ಕಾರಣವಿದೆ. ಕ್ರೈಸ್ತ ಧರ್ಮದ ಮೊದಲ ತಂಡದೊಳಗಿನ ಜಗಳವೇ ಊಟದ್ದು. ಅಂತಿಯೋಕ್ಯದಲ್ಲಿ ಅನ್ಯಜನರೊಡನೆ ಉಣ್ಣುತ್ತಿದ್ದ ಪೇತ್ರ, ಯೆರೂಸಲೇಮಿನಿಂದ ಕೆಲವರು ಬಂದೊಡನೆ ಹಿಂದೆ ಸರಿದ. ಪೌಲ ಎಲ್ಲರೆದುರಿಗೇ ಅವನನ್ನು ಆಕ್ಷೇಪಿಸಿದ. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಈ ಸಂಗತಿಯಿದೆ. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು ಮುಗಿಸಿ, ಬಡವರು ಹಸಿದೇ ಇರುತ್ತಿದ್ದುದನ್ನು ಅದೇ ಪೌಲ ಖಂಡಿಸಿದ್ದಾನೆ. ಊಟ ಗೌಣ, ಪ್ರಾರ್ಥನೆ ಮತ್ತು ಕೆಲಸ ಮುಖ್ಯ ಎನ್ನುವವರಿಗೆ ಈ ಎರಡು ಪ್ರಸಂಗಗಳೇ ಉತ್ತರ. ಪೇತ್ರನ ಬೋಧನೆಯಲ್ಲಿ ತಪ್ಪಿರಲಿಲ್ಲ, ಎದ್ದುಹೋಗಿ ಬೇರೆ ಕುಳಿತದ್ದರಲ್ಲಿ ತಪ್ಪಿತ್ತು. ಕನ್ನಡದ ನೆನಪಿನಲ್ಲೂ ಇದರ ಜೋಡಿ ಕತೆಯಿದೆ. ಬಸವಣ್ಣನ ಚರಿತೆಯಲ್ಲಿ ಬಿಜ್ಜಳನವರೆಗೆ ದೂರು ಹೋದದ್ದು ಅವನು ಬಡವರಿಗೆ ಉಣಬಡಿಸಿದನೆಂದಲ್ಲ, ಅಸ್ಪೃಶ್ಯನೆನಿಸಿದ ಸಂಬೋಳಿ ನಾಗಿದೇವನ ಮನೆಗೆ ಹೋಗಿ ಉಂಡನೆಂದು. ಮಹಾಮನೆಯ ದಾಸೋಹವನ್ನು ಅರಮನೆ ಸಹಿಸಬಹುದಿತ್ತು. ಮಂತ್ರಿಯೊಬ್ಬ ಕೇರಿಯ ಮನೆಯಲ್ಲಿ ಕೈಯೊಡ್ಡಿ ಉಂಡದ್ದನ್ನು ಅದು ಸಹಿಸಲಾರದಾಯಿತು.

ತಪ್ಪು ಎನ್ನಲೂ ಅಷ್ಟೇ ಬಲವಾದ ಕಾರಣವಿದೆ. ಊಟವನ್ನು ಪರೀಕ್ಷೆಯಾಗಿಸಿದಾಗ ಅದು ಊಟವಾಗಿ ಉಳಿಯುವುದಿಲ್ಲ. ಹೊಸದಾಗಿ ಸಭೆ ಸೇರಿದವನಿಗೆ ಅದು ಬಲವಂತ. ಅನ್ನ ಬೇಯಿಸಿದವನಿಗಂತೂ ಇನ್ನೂ ಹೆಚ್ಚಿನ ಅವಮಾನ, ಏಕೆಂದರೆ ತನ್ನ ಕೈಯ ಅಡುಗೆ ಇನ್ನೊಬ್ಬರ ತ್ಯಾಗವನ್ನು ಅಳೆಯುವ ಕೋಲಾಗಿದೆ ಎಂಬುದು ಅವನಿಗೂ ತಿಳಿದಿರುತ್ತದೆ. ಇನ್ನೊಂದು ದೋಷವಿದೆ. ಪರೀಕ್ಷೆ ಇಟ್ಟವರು ಅದೇ ಪರೀಕ್ಷೆಗೆ ದಿನನಿತ್ಯ ಕೂರುತ್ತಿರಲಿಲ್ಲ. ಯುರೋಪಿನ ಮಿಶನರಿಗಳು ಬಂಗಲೆಗಳಲ್ಲಿ ಅಡುಗೆಯಾಳುಗಳನ್ನಿಟ್ಟುಕೊಂಡು, ತಮ್ಮ ಮೇಜು, ತಮ್ಮ ಹೊತ್ತು, ತಮ್ಮ ಪದಾರ್ಥದ ಕ್ರಮದಲ್ಲಿ ಬದುಕುತ್ತಿದ್ದದ್ದು ವಸಾಹತು ಕಾಲದ ಸಾಮಾನ್ಯ ಚಿತ್ರ. ಅಡುಗೆಯಾಳು ಬೇಯಿಸಿದ್ದನ್ನು ಉಣ್ಣುವುದು ಒಂದು, ಅಡುಗೆಯಾಳಿನ ಪಕ್ಕ ಕುಳಿತು ಉಣ್ಣುವುದು ಇನ್ನೊಂದು. ಜಾತಿಯ ಪಂಕ್ತಿಯನ್ನು ಒಡೆಯಬೇಕೆಂದವರು ಅಂತಸ್ತಿನ ಪಂಕ್ತಿಯನ್ನು ಹಾಗೇ ಉಳಿಸಿಕೊಂಡರು. ಅವರ ನಿರ್ಣಯದ ಮಾತು ಸರಿಯಾಗಿತ್ತು, ಅದರಲ್ಲಿ ತಮ್ಮ ಹೆಸರನ್ನು ಸೇರಿಸಿಕೊಳ್ಳಲು ಅವರು ಮರೆತರು.

ಸಹಭೋಜನದಿಂದ ಏನಾಗುತ್ತದೆ?

ಇಲ್ಲಿ ಗಂಭೀರವಾದ ಆಕ್ಷೇಪವೊಂದಿದೆ, ಅದು ಅಂಬೇಡ್ಕರ್ ಅವರದ್ದು. ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದ ಸಮ್ಮೇಳನಕ್ಕೆಂದು ಬರೆದು, ಆ ಸಮ್ಮೇಳನವೇ ರದ್ದಾದ ಮೇಲೆ 1936ರಲ್ಲಿ ಪ್ರಕಟಿಸಿದ ಜಾತಿವಿನಾಶದ ಭಾಷಣದಲ್ಲಿ ಅವರು ಸಹಭೋಜನ ಜಾತಿಯ ಭಾವನೆಯನ್ನು ಕೊಂದಿಲ್ಲವೆಂದು ಸ್ಪಷ್ಟವಾಗಿ ಹೇಳಿದರು. ಅಂತರಜಾತಿ ಮದುವೆ ಬೇಕು, ಜಾತಿಗೆ ಪಾವಿತ್ರ್ಯ ಕೊಡುವ ಶಾಸ್ತ್ರಗಳ ಅಧಿಕಾರ ಹೋಗಬೇಕು ಎಂಬುದು ಅವರ ನಿಲುವು. ಈ ಮಾತನ್ನು ಪೂರ್ತಿ ಒಪ್ಪಬೇಕು. ವರ್ಷಕ್ಕೊಂದು ದಿನ ಫೋಟೊಕ್ಕಾಗಿ ಒಟ್ಟಿಗೆ ಉಂಡು ಉಳಿದ ದಿನ ಬೇರೆ ಬೇರೆ ಇರುವವರು ಯಾವ ಗೋಡೆಯನ್ನೂ ಕೆಡವಿಲ್ಲ. ಆದರೆ ಅಂಬೇಡ್ಕರರ ಮಾತಿನಿಂದ ಊಟ ಬೇಡವೆಂಬ ತೀರ್ಮಾನ ಬರುವುದಿಲ್ಲ, ಊಟದಲ್ಲೇ ನಿಲ್ಲಬಾರದೆಂಬ ತೀರ್ಮಾನ ಬರುತ್ತದೆ. ಒಂದೇ ಸಾಲಿನಲ್ಲಿ ಕೂರಲಾರದ ಮನೆಗಳ ನಡುವೆ ಮದುವೆಯ ಮಾತು ಹುಟ್ಟುವುದಾದರೂ ಎಲ್ಲಿ?

ಮಂಗಳೂರಿನಲ್ಲೇ ಇದಕ್ಕೆ ಸಾಕ್ಷಿಯಿದೆ. ಕಾಸರಗೋಡು ಸೀಮೆಯ ಕುದ್ಮಲಿನಲ್ಲಿ 1859ರಲ್ಲಿ ಹುಟ್ಟಿದ ವಕೀಲ ಕುದ್ಮಲ್ ರಂಗರಾವ್ 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಸ್ಥಾಪಿಸಿದರು. ಅವರ ಸಮುದಾಯ ಅವರಿಗೆ ಬಹಿಷ್ಕಾರ ಹಾಕಿತು. ಬಹಿಷ್ಕಾರವೆಂದರೆ ಮೊದಲಿಗೆ ಊಟದ ಸಾಲಿನಿಂದ ಹೊರಗಿಡುವುದೇ. ಅವರ ಮಗಳು ರಾಧಾಬಾಯಿ 1912ರಲ್ಲಿ ತಮಿಳುನಾಡಿನ ಬೇರೆ ಜಾತಿಯ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. 1928ರಲ್ಲಿ ರಂಗರಾವ್ ತೀರಿಕೊಂಡಾಗ ಅವರ ಇಚ್ಛೆಯಂತೆ ದಲಿತರೇ ಅವರ ದೇಹವನ್ನು ಹೊತ್ತರು. ಅಂಬೇಡ್ಕರ್ ಬೇಕೆಂದ ಹೆಜ್ಜೆಯನ್ನು ಅವರು ಹೇಳುವ ಎರಡು ದಶಕ ಮೊದಲೇ ಈ ಮನೆ ಇಟ್ಟಿತ್ತು. ಇದೇ ಬಗೆಯ ಧೈರ್ಯದಿಂದ ಕೇರಳದ ಸಹೋದರನ್ ಅಯ್ಯಪ್ಪನ್ 1917ರ ಮೇ 29ರಂದು ಚೆರಾಯಿಯಲ್ಲಿ ಮಿಶ್ರಭೋಜನ ನಡೆಸಿದರು. ತಮಗಿಂತ ಕೆಳಗೆಂದು ಸಮಾಜ ಇಟ್ಟಿದ್ದವರ ಜೊತೆ ತಾವೇ ಕುಳಿತು ಉಂಡು, ತಮ್ಮವರಿಂದಲೇ ಬೈಗುಳ ತಿಂದರು. ಈ ಇಬ್ಬರೂ ಇನ್ನೊಬ್ಬರಿಗೆ ಪರೀಕ್ಷೆ ಇಡಲಿಲ್ಲ, ತಾವೇ ಅದಕ್ಕೆ ಕೂತರು. ಮದರಾಸಿನ ನಿರ್ಣಯದಲ್ಲಿ ಇರದಿದ್ದದ್ದು ಇವರ ಬಾಳಿನಲ್ಲಿ ಇತ್ತು.

ಹೋಟೆಲುಗಳು ಬಂದ ಮೇಲೆ ಈ ಪ್ರಶ್ನೆಯೇ ಹಳತಾಯಿತಲ್ಲ ಎನ್ನುವವರೂ ಇದ್ದಾರೆ. ಉಡುಪಿ ಹೋಟೆಲುಗಳು ನಾಡಿನ ಊಟದ ರೀತಿಯನ್ನೇ ಬದಲಿಸಿದ್ದು ನಿಜ. ಮೊದಮೊದಲು ಬ್ರಾಹ್ಮಣರಿಗೆ ಬೇರೆ ಜಾಗವಿಡುತ್ತಿದ್ದ ಹೋಟೆಲುಗಳಿದ್ದವು. ಕಾಲ ಬದಲಾಯಿತು, ಸಂವಿಧಾನದ 15ನೇ ವಿಧಿ ಹೋಟೆಲಿನ ಬಾಗಿಲು ಯಾರಿಗೂ ಮುಚ್ಚದಂತೆ ಮಾಡಿತು, 1955ರಲ್ಲಿ ಅಸ್ಪೃಶ್ಯತೆಯ ವಿರುದ್ಧದ ಕಾಯ್ದೆ ಬಂತು. ಆದರೆ ಹೋಟೆಲಿನಲ್ಲಿ ದುಡ್ಡು ಕೊಟ್ಟವನಿಗೂ ಬೇಯಿಸಿದವನಿಗೂ ಸಂಬಂಧ ಹುಟ್ಟಬೇಕಾಗಿಲ್ಲ. ಬಿಲ್ಲು ಕೊಟ್ಟೊಡನೆ ಋಣ ತೀರುತ್ತದೆ. ಮನೆಯಲ್ಲೋ ಸಭೆಯಲ್ಲೋ ಉಂಡ ಋಣ ಹಾಗೆ ತೀರುವಂಥದ್ದಲ್ಲ. ಹೋಟೆಲಿನಲ್ಲಿ ಜಾತಿ ಕೇಳದವರೇ ಶಾಲೆಯ ಬಿಸಿಯೂಟದ ಅಡುಗೆಯವರ ಜಾತಿ ಕೇಳಿ ಮಕ್ಕಳನ್ನು ತಡೆದ ಪ್ರಕರಣಗಳು ನಮ್ಮ ರಾಜ್ಯದಲ್ಲಿ ವರದಿಯಾಗಿವೆ. ಕಾನೂನು ಬಾಗಿಲನ್ನು ತೆರೆಸಬಲ್ಲದು, ಕೈ ತೊಳೆದು ಪಕ್ಕದಲ್ಲಿ ಕೂರುವ ಮನಸ್ಸನ್ನು ಅದು ಕೊಡಲಾರದು.

ಇಂದಿನ ಆತಿಥೇಯರಿಗೆ

ಇವತ್ತು ಸಮ್ಮೇಳನ ನಡೆಸುವವರ ಮುಂದೆ ಬೇರೆ ತೊಡಕುಗಳಿವೆ. ಬೇರೆ ಬೇರೆ ದೇಶದಲ್ಲಿ ದುಡಿಯುವ ತಂಡ ಒಂದೆಡೆ ಸೇರಿದಾಗ ಒಬ್ಬರಿಗೆ ಕುಚ್ಚಲಕ್ಕಿ ಗಂಜಿ ಬೇಕು, ಒಬ್ಬರಿಗೆ ರೊಟ್ಟಿ. ಒಬ್ಬರು ಮೀನಿಲ್ಲದೆ ಉಣ್ಣಲಾರರು, ಒಬ್ಬರು ಸಸ್ಯಾಹಾರಿ, ಒಬ್ಬರಿಗೆ ಸಕ್ಕರೆ ಕಾಯಿಲೆ. ಎಲ್ಲರೂ ಒಂದೇ ಪದಾರ್ಥ ಉಣ್ಣಬೇಕೆನ್ನುವುದು ದಬ್ಬಾಳಿಕೆಯಾಗದೇ ಎಂಬ ಆಕ್ಷೇಪ ನ್ಯಾಯವಾದದ್ದು. ಉತ್ತರವಿಷ್ಟೇ: ಪದಾರ್ಥ ಬೇರೆಯಾಗಬಹುದು, ಪಂಕ್ತಿ ಬೇರೆಯಾಗಬಾರದು. ತಟ್ಟೆಯಲ್ಲಿ ಏನಿರಬೇಕೆಂಬುದು ಉಣ್ಣುವವರ ದೇಹಕ್ಕೂ ಮನಸ್ಸಾಕ್ಷಿಗೂ ಬಿಟ್ಟದ್ದು. ತಟ್ಟೆ ಎಲ್ಲಿರಬೇಕೆಂಬುದು ಸಭೆಗೆ ಸೇರಿದ್ದು. 2017ರ ಜೂನ್ 24ರಂದು ಪೇಜಾವರದ ವಿಶ್ವೇಶ ತೀರ್ಥರು ಕೃಷ್ಣಮಠದ ಆವರಣದಲ್ಲಿ ಮುಸ್ಲಿಮರಿಗೆ ಇಫ್ತಾರ್ ಏರ್ಪಡಿಸಿದಾಗ ಟೀಕೆಗಳ ಮಳೆಯೇ ಸುರಿಯಿತು. ಅಲ್ಲಿ ಗಮನಿಸಬೇಕಾದದ್ದು ಆತಿಥೇಯರು ಅತಿಥಿಯ ಹೊತ್ತಿಗೆ ತಮ್ಮ ಬಾಗಿಲನ್ನು ಹೊಂದಿಸಿಕೊಂಡದ್ದು. ಉಪವಾಸ ಬಿಡುವ ಗಳಿಗೆಯನ್ನು ಅತಿಥಿಯ ಧರ್ಮ ನಿಶ್ಚಯಿಸಿತ್ತು, ಜಾಗವನ್ನು ಆತಿಥೇಯರ ಮಠ ಕೊಟ್ಟಿತ್ತು. ಅಂಥ ಹೊಂದಾಣಿಕೆಯಿಲ್ಲದೆ ಆತಿಥ್ಯವಿಲ್ಲ.

ಅತಿಥಿಯನ್ನು ಕೆಲಸಕ್ಕೆ ಹಚ್ಚುವುದು ನಮ್ಮ ಸಂಪ್ರದಾಯವಲ್ಲ ಎನ್ನುವವರೂ ಇದ್ದಾರೆ. ನಮ್ಮ ಮನೆಗಳಲ್ಲಿ ಅತಿಥಿ ಎಲೆ ಎತ್ತಲು ಹೊರಟರೆ ತಡೆಯುತ್ತೇವೆ, ಅದು ಗೌರವ. ಆದರೆ ವಾರಗಟ್ಟಲೆ ನಡೆಯುವ ಕೂಟದಲ್ಲಿ ಒಂದು ಗುಂಪು ಸದಾ ಬಡಿಸುತ್ತ, ಇನ್ನೊಂದು ಗುಂಪು ಸದಾ ಉಣ್ಣುತ್ತ ಇದ್ದರೆ ಗೌರವ ನಿಧಾನಕ್ಕೆ ಅಂತಸ್ತಾಗಿ ಗಟ್ಟಿಯಾಗುತ್ತದೆ. ಊರಿನ ಸಭೆಯ ಹೆಂಗಸರು ಮೂರು ಹೊತ್ತು ಒಲೆಯ ಮುಂದೆ ನಿಂತು, ಸಮ್ಮೇಳನದ ಒಂದು ಮಾತನ್ನೂ ಕೇಳದೆ, ಕೊನೆಯ ದಿನ ವೇದಿಕೆಗೆ ಕರೆಸಿಕೊಂಡು ಚಪ್ಪಾಳೆ ಪಡೆಯುವುದು ಬಹಳ ಕಡೆ ನಡೆದುಬಂದ ಕ್ರಮ. ಇದು ಕೊರಿಂಥದ ತಪ್ಪಿನ ಇನ್ನೊಂದು ರೂಪ. ಇದನ್ನು ತಿದ್ದಲು ದೊಡ್ಡ ಸಿದ್ಧಾಂತ ಬೇಕಿಲ್ಲ. ಅಡುಗೆಗೂ ಬಡಿಸುವುದಕ್ಕೂ ಪಾತ್ರೆ ತೊಳೆಯುವುದಕ್ಕೂ ಸರದಿ ಇರಲಿ, ಹೊರದೇಶದಿಂದ ಬಂದ ಹಿರಿಯರ ಹೆಸರೂ ಆ ಸರದಿಯಲ್ಲಿರಲಿ. ವಿದೇಶಿ ಪ್ರತಿನಿಧಿಗಳಿಗೆ ಬೇರೆ ಮೇಜು ಬೇಡ. ಅತಿಥಿಗಳು ಒಂದು ಸಂಜೆ ತಮ್ಮ ಊರಿನ ಅಡುಗೆ ಮಾಡಿ ಆತಿಥೇಯರಿಗೆ ಉಣಿಸಲಿ. ಆವರೆಗೆ ಬಡಿಸಿದವರು ಅಂದು ಕುಳಿತು ಬಡಿಸಿಕೊಳ್ಳಲಿ. ಬಡಿಸಿಕೊಳ್ಳುವುದೂ ಕಲಿಯಬೇಕಾದ ವಿದ್ಯೆ. ಕೊಡುವವನು ಮೇಲೆ ನಿಂತೂ ಕೊಡಬಹುದು, ಪಡೆಯಬೇಕಾದರೆ ಕೆಳಗೆ ಕೂರಲೇಬೇಕು.

ಜಗತ್ತಿನ ಮಿಶನರಿ ಚರಿತ್ರೆಯ ದೊಡ್ಡ ಸಮ್ಮೇಳನಗಳಲ್ಲೊಂದು 1938ರ ಡಿಸೆಂಬರಿನಲ್ಲಿ ಮದರಾಸಿನ ಬಳಿಯ ತಾಂಬರಂನಲ್ಲಿ ನಡೆಯಿತು. ಮದರಾಸು ಕ್ರಿಶ್ಚಿಯನ್ ಕಾಲೇಜಿನ ಆವರಣದಲ್ಲಿ 471 ಪ್ರತಿನಿಧಿಗಳು ಸೇರಿದ್ದರು. ಚೀನಾ ಮತ್ತು ಜಪಾನ್ ಯುದ್ಧದಲ್ಲಿ ತೊಡಗಿದ್ದ ದಿನಗಳವು, ಎರಡೂ ದೇಶಗಳವರು ಅಲ್ಲಿಗೆ ಬಂದಿದ್ದರು. ಅಂಥ ಕೂಟಗಳ ನಿರ್ಣಯಗಳು ಪುಸ್ತಕಗಳಾಗಿ ಗ್ರಂಥಾಲಯಗಳಲ್ಲಿ ಉಳಿಯುತ್ತವೆ. ಯಾರ ಪಕ್ಕ ಯಾರು ಕುಳಿತು ಉಂಡರೆಂಬುದು ಉಳಿಯುವುದಿಲ್ಲ. ಮದರಾಸಿನ 1850ರ ನಿರ್ಣಯಕ್ಕೂ ಅಡುಗೆಯವನ ಜಾತಿ ಬೇಕಿತ್ತು, ಹೆಸರು ಬೇಕಿರಲಿಲ್ಲ. ಹಿರಿಯಡ್ಕದಿಂದಾಗಲಿ ಉಡುಪಿ, ಕಾಪು, ಕಾರ್ಕಳದಿಂದಾಗಲಿ ನಾಳೆ ಕಡಲಾಚೆಯ ಕೂಟಕ್ಕೆ ಹೊರಡುವವರು, ಇಲ್ಲವೇ ಅಲ್ಲಿಂದ ಬಂದವರನ್ನು ಇಲ್ಲಿ ಉಪಚರಿಸುವವರು, ತಮ್ಮ ವರದಿ ಪುಸ್ತಕದಲ್ಲಿ ಎರಡು ಸಾಲು ಹೆಚ್ಚಿಗೆ ಬರೆಯಲಿ: ಇಂದು ಬೇಯಿಸಿದವರು ಯಾರು, ಅವರು ಎಲ್ಲಿ ಕುಳಿತು ಉಂಡರು.